ಹಿಮ್ಮಡಿ ಮೊದಲು ಊರಿದರೆ ತಪ್ಪೇನು?

ಪ್ರಶ್ನೆ: ನನಗೆ 41 ವರ್ಷ. ಬೆಳಗಾವಿಯ ಟಿಳಕವಾಡಿಯಲ್ಲಿ ಮನೆ, ಬ್ಯಾಂಕಿನಲ್ಲಿ ನೌಕರಿ. ಎರಡು ವರ್ಷದಿಂದ ಬೆಳಿಗ್ಗೆ ಕಾಂಗ್ರೆಸ್ ರೋಡಿನಲ್ಲಿ, ಭಾನುವಾರ ವ್ಯಾಕ್ಸಿನ್ ಡಿಪೊದಲ್ಲಿ ಓಡುತ್ತೇನೆ. ವಾರಕ್ಕೆ ಸುಮಾರು 25 ಕಿ.ಮೀ. ಹಾಫ್ ಮ್ಯಾರಥಾನ್ (21.1 ಕಿ.ಮೀ.) 2 ಗಂಟೆ 10 ನಿಮಿಷಕ್ಕೆ ಮುಗಿಸಿದ್ದೇನೆ. ಒಂದೂವರೆ ತಿಂಗಳ ಹಿಂದೆ ಜೊತೆಗೆ ಓಡುವ ಗೆಳೆಯರೊಬ್ಬರು ಮೊಬೈಲ್‌ನಲ್ಲಿ ವಿಡಿಯೊ ತೆಗೆದು, ‘ನೀನು ಹಿಮ್ಮಡಿ ಊರಿ ಓಡ್ತೀಯ, ಮೊಣಕಾಲು ಹೋಗ್ತಾವ’ ಎಂದರು. ಅವತ್ತಿನಿಂದ ಪಾದದ ಮುಂಭಾಗ ಊರಿ ಓಡಲು ಶುರು ಮಾಡಿದೆ, ಚಪ್ಪಟೆ ಅಡಿಯ ಶೂ ಕೊಂಡೆ. ಈಗ ಬೆಳಿಗ್ಗೆ ಹಾಸಿಗೆಯಿಂದ ಇಳಿದ ಕೂಡಲೇ ಬಲಗಾಲಿನ ಹಿಮ್ಮಡಿಗಿಂತ ಮೂರು ಬೆರಳು ಮೇಲೆ ಬಿಗಿತ, ನೋವು. ಓಡುತ್ತ ಹೋದಂತೆ ಕಡಿಮೆಯಾಗಿ, ಸಂಜೆ ಮತ್ತೆ ಬರುತ್ತದೆ. ಸರಿಯಾದ ಹೆಜ್ಜೆ ಯಾವುದು? ನಿಮಿಷಕ್ಕೆ 180 ಹೆಜ್ಜೆ ಇರಲೇಬೇಕೇ? ನನ್ನ ವಾಚು 158 ತೋರಿಸುತ್ತದೆ. ಡಿಸೆಂಬರ್‌ಗೆ ಇನ್ನು ಮೂರು ತಿಂಗಳಿದೆ, ಹಾಫ್ ಮ್ಯಾರಥಾನ್ ಎರಡು ಗಂಟೆಯೊಳಗೆ ಮುಗಿಸಬಹುದೇ?

ಉತ್ತರ: ನಿಮ್ಮ ಗೆಳೆಯರು ವಿಡಿಯೊದಲ್ಲಿ ಕಂಡದ್ದು ಸರಿ, ಅದರಿಂದ ತೆಗೆದ ತೀರ್ಮಾನ ಸರಿಯಲ್ಲ. ನೀವು ಬರೆದದ್ದರಲ್ಲಿ ಮೊಣಕಾಲು ನೋವಿನ ಸುದ್ದಿಯೇ ಇಲ್ಲ. ಇಲ್ಲದ ನೋವಿಗೆ ಮದ್ದು ಮಾಡಿಕೊಂಡು, ಇರದ ಕಡೆ ನೋವು ತಂದುಕೊಂಡಿದ್ದೀರಿ. ಎರಡು ವರ್ಷ ಯಾವ ತಕರಾರೂ ಮಾಡದ ಕಾಲಿನ ಹೆಜ್ಜೆಯನ್ನು ಒಂದು ಬೆಳಗಿನ ವಿಡಿಯೊ ನೋಡಿ ಬದಲಿಸಬಾರದಿತ್ತು.

ಹಿಮ್ಮಡಿ ಊರಿ ಓಡುವವರು ಎಷ್ಟು ಮಂದಿ ಎಂದು ಎಣಿಸಿ ನೋಡಿದವರಿದ್ದಾರೆ. ಜಪಾನಿನ ಸಪ್ಪೊರೊದಲ್ಲಿ 2004ರ ಹಾಫ್ ಮ್ಯಾರಥಾನಿನ 15ನೇ ಕಿ.ಮೀ. ಹತ್ತಿರ ಕ್ಯಾಮೆರಾ ಇಟ್ಟು 283 ಉನ್ನತ ದರ್ಜೆಯ ಓಟಗಾರರ ಪಾದ ನೋಡಿದರು. ನೂರಕ್ಕೆ 75ರಷ್ಟು ಜನ ಹಿಮ್ಮಡಿಯನ್ನೇ ಮೊದಲು ಊರಿದ್ದರು. ಸುಮಾರು 24 ಜನ ನಡುಪಾದ. ಬರೀ ಮುಂಪಾದದವರು ನೂರಕ್ಕೆ ಇಬ್ಬರೂ ಇರಲಿಲ್ಲ. 2017ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನ ಮ್ಯಾರಥಾನಿನಲ್ಲೂ ಇದೇ ಕಥೆ: ಯಾವ ಹಂತದಲ್ಲಿ ನೋಡಿದರೂ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು, ಹೆಂಗಸರಲ್ಲಿ ಮೂರರಲ್ಲಿ ಎರಡು ಪಾಲು ಹಿಮ್ಮಡಿಯವರೇ. ಇವರೆಲ್ಲ ತಮ್ಮ ದೇಶವನ್ನು ಪ್ರತಿನಿಧಿಸುವ ಓಟಗಾರರು. ಸಪ್ಪೊರೊದಲ್ಲಿ ಮುಂದಿದ್ದವರಲ್ಲಿ ನಡುಪಾದದವರ ಪಾಲು ಹೆಚ್ಚಿತ್ತು ಎಂಬುದೂ ಸತ್ಯ. ಆದರೆ ವೇಗ ಹೆಚ್ಚಿದಂತೆ ಎಲ್ಲರ ಪಾದವೂ ತಾನಾಗಿ ಮುಂದಕ್ಕೆ ಸರಿಯುತ್ತದೆ. ನೀವೇ 100 ಮೀಟರ್ ಜೋರಾಗಿ ಓಡಿ ನೋಡಿ, ಹಿಮ್ಮಡಿ ನೆಲ ಮುಟ್ಟುವುದೇ ಕಷ್ಟ. ವೇಗದಿಂದ ಪಾದ ಬದಲಾಗುತ್ತದೆ. ಪಾದ ಬದಲಿಸಿದರೆ ವೇಗ ಬರುತ್ತದೆ ಎಂದು ಅದನ್ನು ತಿರುಗಿಸಿ ಓದಬಾರದು. ಹಿಮ್ಮಡಿಯವರನ್ನು ಮುಂಪಾದಕ್ಕೆ ಬದಲಿಸಿ ಆಮ್ಲಜನಕದ ಬಳಕೆ ಅಳೆದಾಗಲೂ ಉಳಿತಾಯ ಕಾಣಲಿಲ್ಲ.

‘ಮೊಣಕಾಲು ಹೋಗ್ತಾವ’ ಎಂಬ ಮಾತು ಮಾತ್ರ ಗಾಳಿಯಲ್ಲಿ ಹುಟ್ಟಿದ್ದಲ್ಲ. 2010ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು ಬರಿಗಾಲಲ್ಲಿ ಓಡುವ ಕೀನ್ಯಾದವರನ್ನು ಅಳೆದು, ಮುಂಪಾದ ಊರಿದಾಗ ನೆಲ ತಾಗುವ ಮೊದಲ ಕ್ಷಣದ ಆ ಚೂಪಾದ ಹೊಡೆತ ಇಲ್ಲವಾಗುತ್ತದೆ ಎಂದು ತೋರಿಸಿದರು. 2012ರಲ್ಲಿ ಅದೇ ವಿಶ್ವವಿದ್ಯಾಲಯದ 52 ಓಟಗಾರರ ಗಾಯಗಳ ಲೆಕ್ಕ ತೆಗೆದಾಗ, ಹಿಮ್ಮಡಿಯವರಿಗೆ ಪದೇ ಪದೇ ಬೀಳುವ ಒತ್ತಡದಿಂದ ಆಗುವ ಗಾಯಗಳು ಸುಮಾರು ಎರಡು ಪಟ್ಟು ಕಂಡವು. ಗೆಳೆಯರು ಕೇಳಿದ ಸುದ್ದಿಯ ಮೂಲ ಇಲ್ಲೆಲ್ಲೋ ಇರಬೇಕು. ಆದರೆ ಅದು ಒಂದೇ ತಂಡದ, ವರ್ಷಗಟ್ಟಲೆ ತಮ್ಮ ತಮ್ಮ ರೀತಿಯಲ್ಲೇ ಓಡಿಕೊಂಡು ಬಂದ ಹುಡುಗ ಹುಡುಗಿಯರ ಲೆಕ್ಕ. ನಲವತ್ತು ದಾಟಿದವರು ನಾಳೆಯಿಂದ ಹೆಜ್ಜೆ ಬದಲಿಸಿದರೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ನಿಮ್ಮ ಬಲಗಾಲೇ ಹೇಳುತ್ತಿದೆ.

ಓಡುವಾಗ ಪ್ರತಿ ಹೆಜ್ಜೆಗೆ ನೆಲ ನಿಮ್ಮ ಮೈತೂಕದ ಎರಡರಿಂದ ಮೂರು ಪಟ್ಟು ಬಲವನ್ನು ತಿರುಗಿ ಕೊಡುತ್ತದೆ. ಈ ಲೆಕ್ಕದಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಆ ಬಲವನ್ನು ಯಾವ ಅಂಗ ಹೊರಬೇಕು ಎಂಬುದಷ್ಟೇ ಬದಲಾಗುತ್ತದೆ. ಹಿಮ್ಮಡಿ ಊರಿದರೆ ಮೊಣಕಾಲು ಮತ್ತು ತೊಡೆಯ ಮುಂಭಾಗಕ್ಕೆ ಹೆಚ್ಚು ಪಾಲು, ಮುಂಪಾದ ಊರಿದರೆ ಮೀನಖಂಡ ಮತ್ತು ಅದನ್ನು ಹಿಮ್ಮಡಿಯ ಎಲುಬಿಗೆ ಕಟ್ಟಿರುವ ಅಕಿಲಿಸ್ ಸ್ನಾಯುರಜ್ಜಿಗೆ ಹೆಚ್ಚು ಪಾಲು. ಓಟದಲ್ಲಿ ಈ ರಜ್ಜಿನ ಮೇಲೆ ಬೀಳುವ ಎಳೆತ ಮೈತೂಕದ ಆರು ಪಟ್ಟು, ಅದಕ್ಕಿಂತ ಹೆಚ್ಚೂ ಆಗಬಹುದು. ನಿಮ್ಮ 2 ಗಂಟೆ 10 ನಿಮಿಷದ ಓಟದಲ್ಲಿ ಒಂದೊಂದು ಕಾಲಿಗೆ ಹತ್ತು ಸಾವಿರ ಹೆಜ್ಜೆ. ಸ್ನಾಯು ಕೆಲವೇ ವಾರದಲ್ಲಿ ಬಲ ಕೂಡಿಸಿಕೊಳ್ಳುತ್ತದೆ, ರಜ್ಜಿಗೆ ತಿಂಗಳುಗಳೇ ಬೇಕು. ನೀವು ಹೆಜ್ಜೆಯನ್ನೂ ಬದಲಿಸಿದಿರಿ, ಹಿಮ್ಮಡಿಯ ಕೆಳಗಿನ ದಪ್ಪವನ್ನೂ ಅದೇ ವಾರ ತೆಗೆದಿರಿ. ಸಾಮಾನ್ಯ ಶೂನಲ್ಲಿ ಹಿಮ್ಮಡಿ ಮುಂಪಾದಕ್ಕಿಂತ 8ರಿಂದ 12 ಮಿ.ಮೀ. ಎತ್ತರದಲ್ಲಿರುತ್ತದೆ. ಅದು ಸೊನ್ನೆಯಾದಾಗ ರಜ್ಜು ಪ್ರತಿ ಹೆಜ್ಜೆಗೂ ಅಷ್ಟು ಹೆಚ್ಚು ಹಿಗ್ಗಬೇಕು. ಒಂದು ಬದಲಾವಣೆಯನ್ನು ಕಾಲು ತಡೆದುಕೊಳ್ಳುತ್ತಿತ್ತೇನೋ, ಎರಡನ್ನೂ ಒಟ್ಟಿಗೆ ತಡೆಯಲಿಲ್ಲ.

ಬರಿಗಾಲಿನ ಓಟದ ಹುಚ್ಚು ಒಮ್ಮೆ ಲೋಕವನ್ನೆಲ್ಲ ಹಿಡಿದಿತ್ತು. ಬೆರಳುಗಳುಳ್ಳ ಶೂ ಮಾರಿದ ವಿಬ್ರಮ್ ಕಂಪನಿ, ಆರೋಗ್ಯಕ್ಕೆ ಒಳ್ಳೆಯದು ಎಂಬ ತನ್ನ ಜಾಹೀರಾತಿನ ಮೇಲೆ ಹೂಡಿದ ದಾವೆಯನ್ನು 2014ರಲ್ಲಿ 37.5 ಲಕ್ಷ ಡಾಲರ್ ಇಟ್ಟು ರಾಜಿಯಲ್ಲಿ ಮುಗಿಸಿತು. ಬರಿಗಾಲನ್ನು ಹೊಗಳುವವರು ಅಬೆಬೆ ಬಿಕಿಲಾರ ಹೆಸರು ಹೇಳುತ್ತಾರೆ: 1960ರ ರೋಮ್ ಒಲಿಂಪಿಕ್ಸ್, ಬರಿಗಾಲು, ಚಿನ್ನ. ಅವರೇ ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಶೂ ಹಾಕಿಕೊಂಡು ಮೂರು ನಿಮಿಷ ಬೇಗ ಮುಗಿಸಿ ಮತ್ತೆ ಗೆದ್ದರು ಎಂಬುದನ್ನು ಯಾಕೋ ಯಾರೂ ಹೇಳುವುದಿಲ್ಲ. ಅಷ್ಟು ದೂರ ಹೋಗುವುದೂ ಬೇಡ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಇದ್ದರು. ಆ ಸಲದ ಮ್ಯಾರಥಾನ್ ಈಗಿನ 42.195 ಅಲ್ಲ, 42.75 ಕಿ.ಮೀ. ಅದನ್ನು ಮೂರು ಗಂಟೆಯೊಳಗೆ ಮುಗಿಸಿ 19ನೆಯವರಾದರು. ಅದು ಹೊಲದಲ್ಲಿ, ಬಂಡಿದಾರಿಯಲ್ಲಿ ಬರಿಗಾಲಲ್ಲೇ ಬೆಳೆದ ಪೀಳಿಗೆ. ನಡೆಯಲು ಕಲಿತ ದಿನದಿಂದ ಅವರ ಮೀನಖಂಡ, ಪಾದದ ಎಲುಬು, ಅಂಗಾಲಿನ ಚರ್ಮ ಎಲ್ಲ ಅದಕ್ಕೇ ತಯಾರಾಗಿದ್ದವು. ನಾವು ಎಂಟು ತಾಸು ಕುರ್ಚಿಯಲ್ಲಿ ಕೂತು, ಐದನೇ ವರ್ಷದಿಂದ ಶಾಲೆಯ ಶೂ ಹಾಕಿಕೊಂಡು ಬೆಳೆದವರು. ನೋವು ಪೂರ್ತಿ ಹೋದ ಮೇಲೆ ವಾರಕ್ಕೊಮ್ಮೆ ಹುಲ್ಲಿನ ಮೇಲೆ ಹತ್ತು ನಿಮಿಷ ಬರಿಗಾಲಲ್ಲಿ ಹಗುರಾಗಿ ಓಡಿ, ಪಾದಕ್ಕೆ ಒಳ್ಳೆಯದೇ. ಅದಕ್ಕಿಂತ ಹೆಚ್ಚು ಬೇಡ.

ಹಾಗಾದರೆ ಹೆಜ್ಜೆಯಲ್ಲಿ ನೋಡಬೇಕಾದ್ದು ಏನು? ಪಾದದ ಯಾವ ಭಾಗ ಊರುತ್ತದೆ ಎನ್ನುವುದಕ್ಕಿಂತ, ಪಾದ ನಿಮ್ಮ ಮೈಯಿಂದ ಎಷ್ಟು ಮುಂದೆ ಊರುತ್ತದೆ ಎನ್ನುವುದು. ಇಬ್ಬರು ಹಿಮ್ಮಡಿಯವರನ್ನು ಅಕ್ಕಪಕ್ಕ ನಿಲ್ಲಿಸಿ. ಒಬ್ಬನ ಪಾದ ನೆಲ ತಾಗುವಾಗ ಮೊಣಕಾಲು ಸ್ವಲ್ಪ ಮಡಚಿದೆ, ಮೊಣಕಾಲಿನ ಕೆಳಗಿನ ಕಾಲು ಬಹುಮಟ್ಟಿಗೆ ನೆಟ್ಟಗಿದೆ, ಹಿಮ್ಮಡಿ ನೆಲಕ್ಕೆ ಸವರಿದಂತೆ ತಾಗಿ ಇಡೀ ಪಾದ ಕೂಡಲೇ ಕೂರುತ್ತದೆ. ಇನ್ನೊಬ್ಬನದು ಮೊಣಕಾಲು ನೆಟ್ಟಗೆ, ಕಾಲು ಮುಂದಕ್ಕೆ ಚಾಚಿ, ಬೂಟಿನ ತುದಿ ಆಕಾಶ ನೋಡುತ್ತ, ಹಿಮ್ಮಡಿ ದಬ್ ಎಂದು ಬೀಳುತ್ತದೆ. ಇಳಿಜಾರಿನಲ್ಲಿ ಎತ್ತು ಮುಂಗಾಲು ಊರಿ ಬಂಡಿಯನ್ನು ತಡೆಯುವಂತೆ, ಇವನು ಪ್ರತಿ ಹೆಜ್ಜೆಗೂ ತನ್ನನ್ನು ತಾನೇ ತಡೆಯುತ್ತಿದ್ದಾನೆ. ಮೊದಲನೆಯವನನ್ನು ನಾನು ಮುಟ್ಟುವುದಿಲ್ಲ. ಎರಡನೆಯವನಿಗೆ ಕೆಲಸ ಇದೆ. ಮುಂಪಾದದವರಲ್ಲೂ ಹೀಗೆ ಕಾಲು ಚಾಚಿ ಬೆರಳ ತುದಿ ಊರುವವರಿದ್ದಾರೆ. ವಿಡಿಯೊ ನೋಡಿ ಕಲಿತವರು ಹೆಚ್ಚಾಗಿ ಮಾಡುವುದು ಇದನ್ನೇ: ಚಾಚುವುದನ್ನು ಬಿಡದೆ ಬೆರಳು ಮಾತ್ರ ಕೆಳಗಿಳಿಸುತ್ತಾರೆ. ತಡೆಯುವ ಬಲ ಹಾಗೇ ಉಳಿಯುತ್ತದೆ, ಹೊರೆ ಮಾತ್ರ ಮೀನಖಂಡದ ಮೇಲೆ ಹೋಗಿ ಕೂರುತ್ತದೆ.

ನೀವು ಯಾರ ಪೈಕಿ ಎಂಬುದನ್ನು ನೀವೇ ನೋಡಿಕೊಳ್ಳಬಹುದು. ಗೆಳೆಯರ ಕೈಗೆ ಮೊಬೈಲ್ ಕೊಡಿ, ಆದರೆ ಈ ಸಲ ಅವರು ಹಿಂದೆ ಓಡುತ್ತ ತೆಗೆಯುವುದು ಬೇಡ. ಕಾಂಗ್ರೆಸ್ ರೋಡಿನ ಸಮತಟ್ಟಾದ ಜಾಗದಲ್ಲಿ, ರಸ್ತೆಯಿಂದ ನಾಲ್ಕೈದು ಮೀಟರ್ ಬದಿಗೆ, ಮೊಬೈಲನ್ನು ಮೊಣಕಾಲಿನ ಎತ್ತರದಲ್ಲಿ ಅಲುಗದಂತೆ ಹಿಡಿಯಲಿ, ಸ್ಲೋ ಮೋಷನ್ ಇರಲಿ. ನೀವು ಮುಂದೆ ಹಾದು ಹೋಗಿ. ಓಟದ ಮೊದಲ ಐದು ನಿಮಿಷದಲ್ಲಿ ತೆಗೆದದ್ದು ನಂಬಿಕೆಗೆ ಬಾರದು. ಕ್ಯಾಮೆರಾ ಇದೆ ಎಂದು ಗೊತ್ತಿದ್ದಾಗ ಎಲ್ಲರೂ ಚೆನ್ನಾಗಿಯೇ ಓಡುತ್ತಾರೆ. ನಲವತ್ತು ನಿಮಿಷ ಓಡಿ ದಣಿದ ಮೇಲೆ ಇನ್ನೊಮ್ಮೆ ತೆಗೆಯಿರಿ, ಅದು ನಿಮ್ಮ ನಿಜವಾದ ಹೆಜ್ಜೆ. ಪಾದ ತಾಗುವ ಆ ಒಂದು ಚಿತ್ರದಲ್ಲಿ ವಿಡಿಯೊ ನಿಲ್ಲಿಸಿ, ಮೊಣಕಾಲಿನಿಂದ ನೇರ ಕೆಳಗೆ ಗೆರೆ ಎಳೆಯಿರಿ. ಕಾಲ ಹರಡು, ಅಂದರೆ ಪಾದ ಕಾಲಿಗೆ ಕೂಡುವ ಕೀಲು, ಆ ಗೆರೆಯ ಹತ್ತಿರವೇ ಇದ್ದರೆ ನಿಶ್ಚಿಂತೆಯಿಂದಿರಿ. ಗೇಣುದ್ದ ಮುಂದಿದ್ದರೆ ಮುಂದಿನ ಮಾತು ನಿಮಗಾಗಿ.

ಅತಿಯಾಗಿ ಚಾಚುವುದನ್ನು ಸರಿಪಡಿಸಲು ಪಾದದ ಬಗ್ಗೆ ಯೋಚಿಸುವುದೇ ಬೇಕಿಲ್ಲ. ಅದೇ ವೇಗದಲ್ಲಿ ಹೆಜ್ಜೆಗಳ ಸಂಖ್ಯೆ, ಓಟಗಾರರು ಕೇಡೆನ್ಸ್ ಎನ್ನುವುದನ್ನು, ಸ್ವಲ್ಪ ಏರಿಸಿದರೆ ಸಾಕು. 2011ರಲ್ಲಿ ಪ್ರಕಟವಾದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಹೆಜ್ಜೆಗಳನ್ನು ಶೇ 5ರಷ್ಟು ಏರಿಸಿದ್ದಕ್ಕೇ ಮೊಣಕಾಲಿನ ಹೊರೆ ಗಮನಾರ್ಹವಾಗಿ ಇಳಿಯಿತು. ಶೇ 10ಕ್ಕೆ ಸೊಂಟದ ಕೀಲಿಗೂ ಬಿಡುವು ಸಿಕ್ಕಿತು. ನಿಮ್ಮ ಲೆಕ್ಕಕ್ಕೆ ಬನ್ನಿ. ಕಿ.ಮೀ.ಗೆ 6 ನಿಮಿಷ 10 ಸೆಕೆಂಡಿನ ವೇಗದಲ್ಲಿ 158 ಹೆಜ್ಜೆ ಎಂದರೆ ಒಂದು ಹೆಜ್ಜೆ ಸುಮಾರು 103 ಸೆಂ.ಮೀ. ಅದೇ ವೇಗದಲ್ಲಿ 166 ಹೆಜ್ಜೆ ಹಾಕಿದರೆ 98 ಸೆಂ.ಮೀ. ಬರೀ ಐದು ಸೆಂ.ಮೀ. ವ್ಯತ್ಯಾಸ! ನೋಡುವವರಿಗೆ ಗೊತ್ತೂ ಆಗುವುದಿಲ್ಲ, ಮೊಣಕಾಲಿಗೆ ಗೊತ್ತಾಗುತ್ತದೆ. ಮೀನಖಂಡಕ್ಕೆ ಹೊಸ ಹೊರೆಯೂ ಹೆಚ್ಚಾಗಿ ಬೀಳುವುದಿಲ್ಲ.

180ರ ಕಥೆ ಏನೆಂದರೆ, ಜಾಕ್ ಡೇನಿಯಲ್ಸ್ ಎಂಬ ಅಮೆರಿಕದ ಕೋಚ್ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಕೂತು ದೂರದ ಓಟಗಾರರ ಹೆಜ್ಜೆ ಎಣಿಸಿದರು. ಬಹುತೇಕ ಎಲ್ಲರದೂ 180 ಅಥವಾ ಅದಕ್ಕಿಂತ ಹೆಚ್ಚಿತ್ತು. ಒಲಿಂಪಿಕ್ಸ್‌ನಲ್ಲಿ, ಸ್ಪರ್ಧೆಯ ವೇಗದಲ್ಲಿ ಎಂಬುದನ್ನು ಮರೆತು ಸಂಖ್ಯೆಯನ್ನು ಮಾತ್ರ ಜನ ಹಿಡಿದುಕೊಂಡರು. ವೇಗ ಇಳಿದಂತೆ ಹೆಜ್ಜೆಯೂ ಇಳಿಯುತ್ತದೆ, ಉದ್ದ ಕಾಲಿನವರಿಗೆ ಇನ್ನೂ ಸ್ವಲ್ಪ ಕಡಿಮೆ. ನಿಮ್ಮ ವೇಗಕ್ಕೆ 180 ಹಾಕಲು ಹೋದರೆ ಕುಣಿದಂತಾಗಿ ಏದುಸಿರು ಬಂದೀತು. 165ರ ಆಸುಪಾಸು ಸಾಕು. ವಾಚಿನ ಮೇಲೆ ಪೂರ್ತಿ ಭರವಸೆ ಇಡದೆ, ಅರ್ಧ ನಿಮಿಷ ಬಲಗಾಲು ಎಷ್ಟು ಸಲ ಊರಿತು ಎಂದು ಎಣಿಸಿ ನಾಲ್ಕರಿಂದ ಗುಣಿಸಿ ನೋಡಿ.

ಕಲಿಯುವ ರೀತಿಯೂ ಸುಲಭ. ಮೊಬೈಲ್‌ನಲ್ಲಿ ಮೆಟ್ರೊನೋಮ್ ಆ್ಯಪ್ ಹಾಕಿ 166ಕ್ಕೆ ಇಡಿ. ವಾರಕ್ಕೆ ಎರಡು ದಿನ, ಹಗುರ ಓಟದ ನಡುವೆ ಎರಡು ನಿಮಿಷ ಅದರ ತಾಳಕ್ಕೆ, ಮೂರು ನಿಮಿಷ ನಿಮ್ಮ ಪಾಡಿಗೆ, ಹೀಗೆ ನಾಲ್ಕೈದು ಸಲ. ವೇಗ ಹೆಚ್ಚಬಾರದು. ಎಲ್ಲರೂ ಎಡವುವುದು ಇಲ್ಲೇ, ತಾಳ ಏರಿದ ಕೂಡಲೇ ಓಟವೂ ಏರುತ್ತದೆ. ತಾಳ ಬೇಸರವಾದರೆ ಇನ್ನೊಂದು ಉಪಾಯ: ಕಿವಿಯಿಂದ ಇಯರ್‌ಫೋನ್ ತೆಗೆದು ಹೆಜ್ಜೆಯ ಸಪ್ಪಳ ಕೇಳಿ, ಸಪ್ಪಳ ಕಡಿಮೆ ಮಾಡಿ ಓಡಿ. ಕಾಲಿಗೆ ಏನು ಹೇಳಬೇಕೆಂದು ನಿಮಗೆ ಗೊತ್ತಿರದಿದ್ದರೂ, ಸದ್ದು ಇಳಿಸು ಎಂದರೆ ಕಾಲು ತಾನೇ ದಾರಿ ಹುಡುಕಿಕೊಳ್ಳುತ್ತದೆ. ‘ಮುಂಪಾದ ಊರು, ಬೆರಳು ಇಳಿಸು’ ಎಂದು ಪಾದಕ್ಕೆ ಆಜ್ಞೆ ಮಾಡುತ್ತ ಓಡುವವರು ಹರಡನ್ನು ಬಿಗಿ ಹಿಡಿದು ಬೇಗ ದಣಿಯುತ್ತಾರೆ.

ಮೇಲ್ಭಾಗದ ಮಾತು ಚಿಕ್ಕದು. ನೋಟ ಇಪ್ಪತ್ತು ಮೀಟರ್ ಮುಂದಿರಲಿ, ಭುಜ ಕಿವಿಯಿಂದ ದೂರ ಇರಲಿ, ಬಾಗುವುದಿದ್ದರೆ ಹರಡಿನಿಂದ ಇಡೀ ಮೈ ಒಂದಿಷ್ಟು ಮುಂದಕ್ಕೆ ವಾಲಲಿ, ಸೊಂಟದಲ್ಲಿ ಮಡಚಬೇಡಿ. ಕೈ ಬೀಸುವುದರಲ್ಲಿ ಸೌಂದರ್ಯ ಹುಡುಕಬೇಕಾಗಿಲ್ಲ. 1952ರ ಹೆಲ್ಸಿಂಕಿಯಲ್ಲಿ 5,000, 10,000 ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದ ಎಮಿಲ್ ಜಾಟೊಪೆಕ್ ತಲೆ ಒಂದು ಕಡೆ, ಭುಜ ಒಂದು ಕಡೆ, ಮುಖದಲ್ಲಿ ಯಾತನೆ ಹೊತ್ತು ಓಡುತ್ತಿದ್ದರು.

ಇದೆಲ್ಲ ನಂತರದ್ದು. ಈಗ ರಜ್ಜು ವಾಸಿಯಾಗಬೇಕು. ಹಳೆಯ ಶೂ ಇನ್ನೂ ಎಸೆದಿಲ್ಲವೆಂದು ನಂಬಿದ್ದೇನೆ, ಇವತ್ತೇ ಅದಕ್ಕೆ ಮರಳಿ, ನಿಮ್ಮ ಹಳೆಯ ಹೆಜ್ಜೆಗೂ ಮರಳಿ. ಆ ಶೂನ ಹಿಮ್ಮಡಿಯ ಹೊರ ಅಂಚು ಸವೆದಿದೆ ಎಂದು ಗಾಬರಿಯಾಗಬೇಡಿ, ಪಾದ ಹೊರ ಅಂಚಿನಿಂದಲೇ ಇಳಿಯುತ್ತದೆ, ಬಹಳ ಜನರ ಶೂ ಅಲ್ಲೇ ಸವೆಯುತ್ತದೆ. ಪೂರ್ತಿ ವಿಶ್ರಾಂತಿ ಬೇಡ, ಹೊರೆ ಇಲ್ಲದ ರಜ್ಜು ಇನ್ನಷ್ಟು ಸೊರಗುತ್ತದೆ. ಓಟವನ್ನು ಅರ್ಧಕ್ಕಿಳಿಸಿ, ಉಳಿದದ್ದನ್ನು ಸೈಕಲ್ ಮೇಲೆ ತೀರಿಸಿ. ಹತ್ತಕ್ಕೆ ಮೂರರಷ್ಟು ನೋವು ಓಡುವಾಗ ಇದ್ದರೆ ನಡೆಯುತ್ತದೆ. ಮುಖ್ಯ ಪರೀಕ್ಷೆ ಮರುದಿನ ಬೆಳಿಗ್ಗೆಯದು. ಹಾಸಿಗೆಯಿಂದ ಇಳಿದಾಗಿನ ಬಿಗಿತ ನಿನ್ನೆಗಿಂತ ಹೆಚ್ಚಿದ್ದರೆ ನಿನ್ನೆ ಓಡಿದ್ದು ಹೆಚ್ಚಾಯಿತು ಎಂದೇ ಅರ್ಥ. ನೋವಿನ ಮಾತ್ರೆ ನುಂಗಿ ಓಡಿದರೆ ಈ ಪರೀಕ್ಷೆಯೇ ಸುಳ್ಳಾಗುತ್ತದೆ.

ವ್ಯಾಯಾಮ ಒಂದೇ ಸಾಕು. ಮೆಟ್ಟಿಲ ಅಂಚಿನಲ್ಲಿ ಮುಂಪಾದ ಇಟ್ಟು, ಎರಡೂ ಕಾಲಲ್ಲಿ ಹಿಮ್ಮಡಿ ಎತ್ತಿ, ಎಡಗಾಲು ತೆಗೆದು, ಬಲಗಾಲೊಂದರಲ್ಲೇ ನಿಧಾನವಾಗಿ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ ಇಳಿಸಿ. ಮೊಣಕಾಲು ನೆಟ್ಟಗಿಟ್ಟು 15ರಂತೆ ಮೂರು ಸಲ, ಸ್ವಲ್ಪ ಮಡಚಿ ಮತ್ತೆ 15ರಂತೆ ಮೂರು ಸಲ, ದಿನಕ್ಕೆರಡು ಹೊತ್ತು, 12 ವಾರ. ಸುಲಭವಾದಾಗ ಬೆನ್ನಿಗೆ ಚೀಲ ಹಾಕಿ ತೂಕ ಕೂಡಿಸಿ. ಇದು ಸ್ವೀಡನ್ನಿನ ಮೂಳೆ ವೈದ್ಯ ಹಾಕನ್ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ಕ್ರಮ. ಅವರಿಗೇ ಈ ನೋವಿತ್ತು, ಮೇಲಧಿಕಾರಿ ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ನೋವು ಇನ್ನೂ ಹೆಚ್ಚಿದರೆ ಒಪ್ಪಿಯಾರು ಎಂದು ಕಾಲಿಗೆ ಬೇಕೆಂದೇ ಹೊರೆ ಹೇರುತ್ತ ಹೋದರು, ವಾಸಿಯಾಗಿಬಿಟ್ಟಿತು ಎಂಬ ಕಥೆ ವೈದ್ಯಲೋಕದಲ್ಲಿ ಪ್ರಸಿದ್ಧ. ನಿಮ್ಮ ನೋವು ಮೂರು ಬೆರಳು ಮೇಲಿರುವುದರಿಂದ ಈ ಕ್ರಮ ಹೊಂದುತ್ತದೆ. ಹಿಮ್ಮಡಿಯ ಎಲುಬಿಗೆ ರಜ್ಜು ಕೂಡುವ ಜಾಗದಲ್ಲೇ ನೋವಿರುವವರು ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ ಇಳಿಸಬಾರದು, ಸಮನೆಲದಲ್ಲೇ ಮಾಡಬೇಕು. ಮೊದಲ ಎರಡು ವಾರ ಕಾಲು ಇನ್ನಷ್ಟು ಬಿಗಿದಂತೆ ಅನಿಸಿದರೂ ಬಿಡಬೇಡಿ. ಎಣ್ಣೆ ಹಚ್ಚಿ ನೋವಿನ ಜಾಗವನ್ನೇ ಜೋರಾಗಿ ತಿಕ್ಕುವುದನ್ನು ಮಾತ್ರ ನಿಲ್ಲಿಸಿ.

ವೈದ್ಯರ ಹತ್ತಿರ ಹೋಗಲೇಬೇಕಾದ ಸಂದರ್ಭಗಳಿವೆ. ಓಡುವಾಗ ಯಾರೋ ಹಿಂದಿನಿಂದ ಹೊಡೆದಂತಾಗಿ ಪಟ್ ಎಂಬ ಸದ್ದು ಕೇಳಿ, ಒಂಟಿ ಕಾಲಿನ ಬೆರಳ ಮೇಲೆ ನಿಲ್ಲಲು ಬಾರದಿದ್ದರೆ ಅವತ್ತೇ. ಪಾದದ ಮೇಲ್ಭಾಗದ ಎಲುಬಿನ ಒಂದೇ ಬಿಂದುವಿನಲ್ಲಿ ಬೆರಳಿಟ್ಟರೆ ನೋವು ಎಂದಾದರೂ ತಡಮಾಡಬೇಡಿ, ಚಪ್ಪಟೆ ಶೂಗೆ ಹಠಾತ್ತನೆ ಬದಲಾದವರಲ್ಲಿ ಅಲ್ಲಿನ ಎಲುಬು ಸಣ್ಣಗೆ ಬಿರುಕು ಬಿಡುವುದುಂಟು. ಇನ್ನೊಂದನ್ನು ಓಟಗಾರರು ಕೇಳಿರುವುದೇ ಕಡಿಮೆ: ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಜಾತಿಯ ಆ್ಯಂಟಿಬಯಾಟಿಕ್‌ಗಳು ಅಕಿಲಿಸ್ ರಜ್ಜನ್ನು ದುರ್ಬಲಗೊಳಿಸಬಲ್ಲವು, ಹರಿದ ಉದಾಹರಣೆಗಳೂ ಇವೆ. ಇತ್ತೀಚೆಗೆ ಜ್ವರಕ್ಕೋ ಹೊಟ್ಟೆಗೋ ಅಂಥದ್ದನ್ನು ತೆಗೆದುಕೊಂಡಿದ್ದರೆ ವೈದ್ಯರಿಗೆ ಹೇಳಿ.

ಓಡುವ ಜಾಗದ ಬಗ್ಗೆ ಎರಡು ಮಾತು. ಡಾಂಬರು ರಸ್ತೆ ಮಳೆನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುತ್ತದೆ. ದಿನಾ ಒಂದೇ ಬದಿಗೆ ಓಡಿದರೆ ಒಂದು ಪಾದ ಯಾವಾಗಲೂ ವಾಲಿಯೇ ಊರುತ್ತದೆ. ನಿಮಗೆ ಬಲಗಾಲೇ ಯಾಕೆ ನೋಯುತ್ತಿದೆ ಎಂದು ಯೋಚಿಸುವಾಗ ಇದನ್ನೂ ಗಮನಿಸಿ. ಒಂದನೇ ಗೇಟಿನಿಂದ ಮೂರನೇ ಗೇಟಿನವರೆಗೆ ಹೋಗುವಾಗ, ಬರುವಾಗ ಸಾಧ್ಯವಾದಷ್ಟು ಸಮತಟ್ಟಾದ ಪಟ್ಟಿ ಹಿಡಿಯಿರಿ. ವ್ಯಾಕ್ಸಿನ್ ಡಿಪೊದ ಮಣ್ಣುದಾರಿ ಒಣಗಿದಾಗ ಒಳ್ಳೆಯದು, ನಮ್ಮೂರ ಮಳೆಗಾಲದಲ್ಲಿ ಅಲ್ಲಿ ಜಾರುತ್ತ ಓಡುವುದು ನೊಂದ ರಜ್ಜಿಗೆ ಶಿಕ್ಷೆ. ಯಳ್ಳೂರಿನ ರಾಜಹಂಸಗಡದ ಏರನ್ನು ನವೆಂಬರ್‌ವರೆಗೆ ಮರೆತುಬಿಡಿ, ಏರಿನಲ್ಲಿ ಎಲ್ಲರೂ ಮುಂಪಾದದವರೇ. ವಾಸಿಯಾದ ಮೇಲೆ ಮಾತ್ರ ಅದೇ ಏರಿನ ಬುಡದಲ್ಲಿ ಹತ್ತು ಸೆಕೆಂಡಿನ ನಾಲ್ಕೈದು ಜೋರು ಓಟಗಳು, ನಡುವೆ ನಡೆದು ಇಳಿಯುವುದು. ಕಾಲು ಚಾಚುವ ಚಟ ಬಿಡಿಸಲು ಅದಕ್ಕಿಂತ ಒಳ್ಳೆಯ ಗುರು ಇಲ್ಲ, ಏರಿನಲ್ಲಿ ಚಾಚಲು ಜಾಗವೇ ಇರುವುದಿಲ್ಲ.

ಡಿಸೆಂಬರ್ ವಿಷಯ. ಎರಡು ಗಂಟೆಯೊಳಗೆ ಮುಗಿಸಲು ಕಿ.ಮೀ.ಗೆ 5 ನಿಮಿಷ 41 ಸೆಕೆಂಡು ಬೇಕು, ಅಂದರೆ ಪ್ರತಿ ಕಿ.ಮೀ.ಗೂ ಸುಮಾರು 29 ಸೆಕೆಂಡು ಇಳಿಸಬೇಕು. ಇಷ್ಟು ದೊಡ್ಡ ಅಂತರವನ್ನು ಯಾವ ಹೆಜ್ಜೆಯ ತಿದ್ದುಪಡಿಯೂ ತುಂಬಿಕೊಡದು. ಅದು ವಾರಕ್ಕೆ 25 ಕಿ.ಮೀ. ಓಡುವುದು ಮೆಲ್ಲಗೆ 40ಕ್ಕೆ ಏರಿದಾಗ ಬರುವಂಥದ್ದು, ರಜ್ಜು ನೋಯುತ್ತಿರುವಾಗ ಆ ಏರಿಕೆ ಆಗದು. ನವೆಂಬರ್ ಮಧ್ಯದ ಹೊತ್ತಿಗೆ 15 ಕಿ.ಮೀ. ಓಡಿ ಮರುದಿನ ಬೆಳಿಗ್ಗೆ ಬಿಗಿತವಿಲ್ಲದೆ ಮೆಟ್ಟಿಲಿಳಿಯಲು ಸಾಧ್ಯವಾದರೆ ಹಾಫ್ ಮ್ಯಾರಥಾನ್ ಓಡಿ, ಗಡಿಯಾರ ನೋಡದೆ ಓಡಿ. ಆಗದಿದ್ದರೆ ಸಂಘಟಕರನ್ನು ಕೇಳಿ 10 ಕಿ.ಮೀ.ಗೆ ಹೆಸರು ಬದಲಿಸಿಕೊಳ್ಳಿ. ಎರಡು ಗಂಟೆಯ ಗುರಿಯನ್ನು ಫೆಬ್ರುವರಿ ಕೊನೆಯ ಯಾವುದಾದರೂ ಓಟಕ್ಕೆ ಇಟ್ಟುಕೊಳ್ಳಿ, ಆಗ ಬೆಳಗಾವಿಯ ಬೆಳಗು ಇನ್ನೂ ತಂಪಾಗಿರುತ್ತದೆ.